ತೂಕ ಹೆಚ್ಚು ಇಳಿದಿಲ್ಲ, ರಕ್ತದ ವರದಿ ಮಾತ್ರ ಸುಧಾರಿಸಿದೆ: ಇದನ್ನು ನಂಬಬಹುದೇ?

ತೋಟದಂಚು, ಶಿರಸಿ
ನನಗೆ 46 ವರ್ಷ, ಎತ್ತರ 168 ಸೆಂ.ಮೀ. ಅಡಿಕೆ ವ್ಯಾಪಾರದ ಲೆಕ್ಕ ಬರೆಯುವ ಕೆಲಸವಾದ್ದರಿಂದ ದಿನದ ಬಹುಪಾಲು ಕುರ್ಚಿಯಲ್ಲೇ ಕಳೆಯುತ್ತದೆ. ಕಳೆದ ಅಕ್ಟೋಬರಿನಲ್ಲಿ ನನ್ನ ತೂಕ 88 ಕಿಲೊ, ಸೊಂಟದ ಸುತ್ತಳತೆ 104 ಸೆಂ.ಮೀ., ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.3, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 238 ಇತ್ತು. ಅಂದಿನಿಂದ ವಾರಕ್ಕೆ ಐದು ದಿನ, ಮಾರಿಕಾಂಬಾ ದೇವಸ್ಥಾನದವರೆಗೆ ಹೋಗಿ ಬರುವಂತೆ 40 ನಿಮಿಷ ಚುರುಕಾಗಿ ನಡೆಯುತ್ತಿದ್ದೇನೆ. ಊಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಮಾಡಿಲ್ಲ. ಈ ಮೇ ತಿಂಗಳಲ್ಲಿ ನೋಡಿದರೆ ತೂಕ 86.5. ಏಳು ತಿಂಗಳಿಗೆ ಒಂದೂವರೆ ಕಿಲೊ ಎಂದು ಮನೆಯವರು ನಗುತ್ತಾರೆ. ಆದರೆ ಎಚ್‌ಬಿಎ1ಸಿ 5.9ಕ್ಕೂ, ಟ್ರೈಗ್ಲಿಸರೈಡ್ 161ಕ್ಕೂ, ಸೊಂಟ 99ಕ್ಕೂ ಇಳಿದಿವೆ. ಇದು ನಡಿಗೆಯ ಫಲವೆಂದೇ ತಿಳಿಯಬಹುದೇ? ಮಳೆಗಾಲದಲ್ಲಿ ಏನು ಮಾಡಬೇಕೆಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಕಾಳಿತೀರ, ಕಾರವಾರ
ಖಂಡಿತ ತಿಳಿಯಬಹುದು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಗ್ಲುಟ್-4 ಎಂಬ ವಾಹಕ ಪ್ರೋಟೀನು ಸ್ನಾಯುಕೋಶದ ಒಳಗಿನಿಂದ ಹೊರಪೊರೆಗೆ ಬಂದು ಈ ಕೆಲಸ ಮಾಡುತ್ತದೆ. ನಡಿಗೆ ನಿಲ್ಲಿಸಿದ ಮೇಲೂ ಒಂದೆರಡು ದಿನ ದೇಹ ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತಿರುತ್ತದೆ, ಅನಂತರ ಆ ಗುಣ ಕರಗುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದೆಂದು ಮಧುಮೇಹ ತಜ್ಞರು ಹೇಳುವುದು ಇದಕ್ಕಾಗಿಯೇ.

ಇನ್ನು ತೂಕದ ಮಾತು. ಊಟ ಬದಲಿಸದೆ ಬರೀ ವ್ಯಾಯಾಮದಿಂದ ತೂಕ ಇಳಿಸುವುದು ಕಷ್ಟ. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಬೆವರಿಳಿಸಿ, ಹಿಂದಿರುಗುವಾಗ ಎರಡು ಪ್ಲೇಟು ಭಜಿ ಮುಗಿಸುವವರನ್ನು ನಾನು ದಿನವೂ ನೋಡುತ್ತೇನೆ, ಕೆಲವೊಮ್ಮೆ ಅವರೊಡನೆ ನಾನೂ ಇರುತ್ತೇನೆ. ಆದರೆ ತೂಕ ಅಷ್ಟೇ ಇದ್ದರೂ ಹೊಟ್ಟೆಯೊಳಗಿನ ಮತ್ತು ಯಕೃತ್ತಿನ ಕೊಬ್ಬು ಕಡಿಮೆಯಾಗಬಲ್ಲದು, ಸಕ್ಕರೆಯನ್ನು ಕೆಡಿಸುವುದರಲ್ಲಿ ಆ ಕೊಬ್ಬಿನದೇ ದೊಡ್ಡ ಪಾತ್ರ. ನಿಮ್ಮ ಸೊಂಟ ಐದು ಸೆಂ.ಮೀ. ಇಳಿದಿರುವುದು ಅದಕ್ಕೆ ಸಾಕ್ಷಿ. ಆದರೂ ಭಾರತೀಯ ಗಂಡಸರಿಗೆ ಹೇಳಿರುವ ಮಿತಿ 90 ಎಂಬುದನ್ನು ಮರೆಯಬೇಡಿ.

ಲ್ಯಾಬಿನವ, ಕುಮಟಾ
ಒಂದು ಸಂದೇಹ. ಎರಡೂ ಸಲ ರಕ್ತ ಕೊಟ್ಟದ್ದು ಖಾಲಿ ಹೊಟ್ಟೆಯಲ್ಲಿಯೇ?

ತೋಟದಂಚು, ಶಿರಸಿ
ಇಲ್ಲ. ಅಕ್ಟೋಬರಿನಲ್ಲಿ ಎರಡು ದೋಸೆ, ಚಹಾ ಮುಗಿಸಿ ಹೋಗಿದ್ದೆ. ಅಲ್ಲಿ ಯಾರೂ ಕೇಳಲಿಲ್ಲ, ನನಗೂ ತೋಚಲಿಲ್ಲ. ಮೇ ತಿಂಗಳಲ್ಲಿ ಮಾತ್ರ ರಾತ್ರಿಯಿಂದ ಏನೂ ತಿಂದಿರಲಿಲ್ಲ.

ಲ್ಯಾಬಿನವ, ಕುಮಟಾ
ಹಾಗಾದರೆ 238ನ್ನೂ 161ನ್ನೂ ಹೋಲಿಸಿ ಸಂತೋಷಪಡುವುದು ಸರಿಯಲ್ಲ. ಉಂಡ ಮೇಲೆ ಕೆಲವು ಗಂಟೆಗಳ ಕಾಲ ಟ್ರೈಗ್ಲಿಸರೈಡ್ ಏರಿಯೇ ಇರುತ್ತದೆ, ಆದ್ದರಿಂದ ಇಳಿಕೆಯಲ್ಲಿ ನಡಿಗೆಯ ಪಾಲೆಷ್ಟು, ದೋಸೆಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಎಚ್‌ಬಿಎ1ಸಿಗೆ ಈ ತೊಡಕಿಲ್ಲ. ಅದು ಸುಮಾರು ಮೂರು ತಿಂಗಳ ಸರಾಸರಿಯಾದ್ದರಿಂದ ಬೆಳಗಿನ ದೋಸೆಗೆ ಜಗ್ಗುವುದಿಲ್ಲ. ಮುಂದಿನ ಪರೀಕ್ಷೆಯನ್ನು ಮೂರು ತಿಂಗಳು ಬಿಟ್ಟು, ಹತ್ತು ಹನ್ನೆರಡು ಗಂಟೆ ಉಪವಾಸವಿದ್ದು, ಅದೇ ಲ್ಯಾಬಿನಲ್ಲಿ ಮಾಡಿಸಿ.

ಶರಾವತಿ ದಡದ ಅಕ್ಕ, ಹೊನ್ನಾವರ
ಮಳೆಗಾಲದ ಪ್ರಶ್ನೆ ಹಾಗೆಯೇ ಉಳಿಯಿತು. ಜಡಿಮಳೆಯಲ್ಲಿ ನಾನು ಜಗಲಿಯ ಉದ್ದಕ್ಕೆ ಹದಿನೈದು ನಿಮಿಷ ನಡೆದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುತ್ತೇನೆ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು ಸಲ. ಆಮೇಲೆ ಅರ್ಧ ನೀರು ತುಂಬಿದ ಕೊಡಗಳೆರಡನ್ನು ಎರಡು ಕೈಯಲ್ಲಿ ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಸ್ನಾಯುವಿಗೆ ಭಾರ ಕೊಡುವ ಇಂಥ ವ್ಯಾಯಾಮವೂ ಸಕ್ಕರೆಯನ್ನು ಇಳಿಸುತ್ತದೆ, ನಡಿಗೆಯೊಂದಿಗೆ ಸೇರಿದರೆ ಇನ್ನೂ ಒಳ್ಳೆಯದು. ಮೊಣಕಾಲು ನೋವಿದ್ದವರು ಮೆಟ್ಟಿಲು ಬಿಟ್ಟು ಕುರ್ಚಿಯದ್ದಷ್ಟೇ ಮಾಡಲಿ.

ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು: ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರಾ ಕುಸಿಯಬಹುದು. ನನಗೆ ಒಮ್ಮೆ ಹಾಗಾಗಿ, ಕೈ ನಡುಗಿ, ಮೈಯೆಲ್ಲ ತಣ್ಣನೆಯ ಬೆವರು ಬಂದು ಜಗಲಿಯಲ್ಲೇ ಕುಳಿತುಬಿಟ್ಟಿದ್ದೆ. ಅಂದಿನಿಂದ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡೇ ನಡೆಯುತ್ತೇನೆ, ಮಾತ್ರೆಯ ಪ್ರಮಾಣವನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ.