ಶಿಬಾರಿ ಕಲಿಯಬೇಕು, ಮೊದಲ ಸಲವೇ ಗಂಟು ಬಿಚ್ಚಲು ಬರಲಿಲ್ಲ. ಎಲ್ಲಿಂದ ಶುರು ಮಾಡಬೇಕು?

ಕಾಳಿದಂಡೆ

ನಮಸ್ಕಾರ. ನಾವು ಕಾರವಾರದವರು, ಮದುವೆಯಾಗಿ ಆರು ವರ್ಷ, ನನಗೆ 33, ಅವಳಿಗೆ 31. ಶಿಬಾರಿ, ಅಂದರೆ ಜಪಾನಿ ರೀತಿಯಲ್ಲಿ ಹಗ್ಗದಿಂದ ಮೈ ಕಟ್ಟುವುದು, ಇದನ್ನು ಕಲಿಯಬೇಕು ಅಂತ ಇಬ್ಬರಿಗೂ ಆಸೆ. ಮೊದಲು ಹೇಳಿದ್ದು ಅವಳೇ. ಎರಡು ತಿಂಗಳು ಮಾತಾಡಿ, ನಾಚಿಕೆ ಬಿಟ್ಟು ಒಬ್ಬರನ್ನೊಬ್ಬರು ಕೇಳಿಕೊಂಡು, ಕಳೆದ ವಾರ ಪ್ರಯತ್ನ ಮಾಡಿದೆವು. ಬೈತಖೋಲ್ ಕಡೆ ದೋಣಿಯವರು ಒಯ್ಯುವ ನೀಲಿ ನೈಲಾನ್ ಹಗ್ಗ ತಂದಿದ್ದೆ. ಮಣಿಕಟ್ಟಿಗೆ ನಾಲ್ಕು ಸುತ್ತು ಹಾಕಿ ಗಂಟು ಬಿಗಿದೆ. ಅವಳು ಸ್ವಲ್ಪ ಜಗ್ಗಿದ್ದೇ ತಡ, ಹಗ್ಗ ಜಾರಿ ಗಂಟು ಇನ್ನೂ ಬಿಗಿಯಾಯಿತು, ಏನು ಮಾಡಿದರೂ ಬಿಚ್ಚಲು ಬರಲಿಲ್ಲ. ಕೊನೆಗೆ ಅಡುಗೆಮನೆ ಚಾಕು ತಂದು ಕತ್ತರಿಸಿದೆ. ನನ್ನ ಕೈ ನಡುಗುತ್ತಿತ್ತು. ಹಗ್ಗ ಉಜ್ಜಿದ ಕೆಂಪು ಗೆರೆ ಅವಳ ಕೈ ಮೇಲೆ ಮೂರು ದಿನ ಇತ್ತು. ಅವಳಿಗೆ ಸಿಟ್ಟಿಲ್ಲ, ಸರಿಯಾಗಿ ಕಲಿತು ಮಾಡೋಣ ಅನ್ನುತ್ತಾಳೆ.

ಯಾವ ಹಗ್ಗ, ಎಷ್ಟು ಉದ್ದ, ಮೊದಲ ಕಟ್ಟು ಯಾವುದು? ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ. ಗಾಳಿಯಲ್ಲಿ ತೂಗುಹಾಕಿದ ಚಿತ್ರಗಳನ್ನು ನೋಡಿದ್ದೇವೆ, ನಮ್ಮ ಮನೆಯಲ್ಲಿ ಹಳೆಯ ಮರದ ತೊಲೆ ಇದೆ. ಅದಕ್ಕೆ ಕಟ್ಟಬಹುದಾ?

ಘಟ್ಟದ ಮೇಲಿನವ

ತೊಲೆಯ ಮಾತು ಮೊದಲು ಮುಗಿಸುತ್ತೇನೆ. ಬೇಡ. ತೂಗುಹಾಕುವುದನ್ನು ಆ ಚಿತ್ರಗಳಲ್ಲಿರುವಂಥವರು ವರ್ಷಗಟ್ಟಲೆ ಗುರುವಿನ ಎದುರು ಕಲಿತು ಮಾಡುತ್ತಾರೆ. ನೀವು ಚಾಪೆ ಹಾಸಿ ನೆಲದ ಮೇಲೆ ಕೂತು ಕಲಿಯಿರಿ. ನಾನು ನಾಲ್ಕು ವರ್ಷದಿಂದ ನೆಲದ ಮೇಲೆಯೇ ಇದ್ದೇನೆ, ಅದರಲ್ಲೇ ಕಲಿಯುವುದು ಬೇಕಾದಷ್ಟಿದೆ.

ನಾನು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯವ. ಕೊಟ್ಟಿಗೆಯಲ್ಲಿ ಕಣ್ಣಿ ಕಟ್ಟುವಾಗ ಅಪ್ಪ ಮೊದಲು ಹೇಳಿಕೊಟ್ಟದ್ದು ಒಂದೇ ಮಾತು, ಕುತ್ತಿಗೆಗೆ ಜೀರುಗುಣಿಕೆ ಹಾಕಬೇಡ, ಜಗ್ಗಿದಷ್ಟೂ ಬಿಗಿಯುತ್ತದೆ. ದನದ ಹೋಲಿಕೆ ಕೊಟ್ಟೆ ಅಂತ ತಪ್ಪು ತಿಳಿಯಬೇಡಿ, ಗಂಟಿನ ಮಟ್ಟಿಗೆ ಹೇಳಿದೆ. ನಿಮಗೆ ಆದದ್ದೂ ಅದೇ. ಸುತ್ತುಗಳು ಒಂದಕ್ಕೊಂದು ಸೇರಿ ನಿಲ್ಲಲಿಲ್ಲ, ಗಂಟು ಜಾರುವ ಜಾತಿಯದು, ಹಗ್ಗ ನೈಲಾನ್. ನೈಲಾನ್ ನುಣುಪು, ಹಿಗ್ಗುತ್ತದೆ, ಭಾರ ಬಿದ್ದರೆ ಗಂಟು ಕಚ್ಚಿಕೊಳ್ಳುತ್ತದೆ, ವೇಗವಾಗಿ ಉಜ್ಜಿದರೆ ಚರ್ಮ ಸುಡುತ್ತದೆ. ಅದು ದೋಣಿಗೇ ಇರಲಿ. ತೆಂಗಿನ ಕತ್ತದ ಹಗ್ಗವೂ ಬೇಡ, ಮೈ ಗೀರುತ್ತದೆ.

ಮೊದಲಿಗೆ ಮೆತ್ತಗಿನ ಹತ್ತಿ ಹಗ್ಗ, 6 ಮಿಲಿಮೀಟರ್ ದಪ್ಪ, 7ರಿಂದ 8 ಮೀಟರ್ ಉದ್ದ, ಎರಡು ತುಂಡು ಸಾಕು. ಜಪಾನಿನಲ್ಲಿ ಬಳಸುವುದು ಸೆಣಬಿನ ಜಾತಿಯ ನಾರಿನ ಹಗ್ಗ, ಹಗುರ, ಗಂಟು ಜಾರುವುದಿಲ್ಲ. ಆದರೆ ಅಂಗಡಿಯ ಸೆಣಬಿನ ಹಗ್ಗವನ್ನು ಹಾಗೇ ಬಳಸಲಾಗದು. ಮೇಲಿನ ನಾರನ್ನು ಬೆಂಕಿಯಲ್ಲಿ ಹದವಾಗಿ ಸವರಿ ಸುಡಬೇಕು, ಚೂರು ಎಣ್ಣೆ ತೀಡಿ ಮೆತ್ತಗೆ ಮಾಡಬೇಕು, ಮತ್ತೆ ನಮ್ಮ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬರುತ್ತದೆ. ಅದನ್ನೆಲ್ಲ ಆಮೇಲೆ ನೋಡಿಕೊಳ್ಳಿ.

ಮೊದಲ ಕಟ್ಟು ಒಂದೇ, ಒಂದು ಮಣಿಕಟ್ಟಿನದು. ಹಗ್ಗವನ್ನು ಸರಿಯಾಗಿ ನಡುವೆ ಮಡಿಸಿ. ಶಿಬಾರಿಯಲ್ಲಿ ಸಾಮಾನ್ಯವಾಗಿ ಹೀಗೆ ಜೋಡಿ ಎಳೆಯಲ್ಲೇ ಕೆಲಸ. ಮಡಿಕೆಯ ತುದಿಯಿಂದ ಮಣಿಕಟ್ಟಿಗೆ ಎರಡು ಸುತ್ತು ಹಾಕಿ, ಆಗ ನಾಲ್ಕು ಎಳೆ ಪಟ್ಟಿಯ ಹಾಗೆ ಪಕ್ಕಪಕ್ಕ ಕೂರಬೇಕು, ಒಂದರ ಮೇಲೊಂದು ಹತ್ತಬಾರದು, ಪಟ್ಟಿ ಅಗಲ ಇದ್ದಷ್ಟೂ ಒತ್ತಡ ಹಂಚಿಹೋಗುತ್ತದೆ. ಆಮೇಲೆ ಮಡಿಕೆಯ ತುದಿಯನ್ನು ಉಳಿದ ಹಗ್ಗದ ಮೇಲೆ ದಾಟಿಸಿ, ಎಲ್ಲ ಸುತ್ತುಗಳ ಅಡಿಯಿಂದ ತೂರಿಸಿ ಹೊರಗೆ ತೆಗೆಯಿರಿ, ಉಳಿದ ಹಗ್ಗದ ಜೊತೆ ಚೌಕ ಗಂಟು ಹಾಕಿ, ಅಂದರೆ ಮೊದಲು ಎಡದ ಎಳೆ ಬಲದ ಮೇಲೆ, ಆಮೇಲೆ ಬಲದ ಎಳೆ ಎಡದ ಮೇಲೆ. ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಈಗ ಜಗ್ಗಿ ನೋಡಿ. ಬಿಗಿಯಾದರೆ ತಪ್ಪಾಗಿದೆ, ಬಿಚ್ಚಿ ಮತ್ತೆ ಮಾಡಿ. ಮೊದಲು ನಿಮ್ಮದೇ ಕಾಲಿನ ಮೇಲೆ ಐವತ್ತು ಸಲ ಕಟ್ಟಿ.

ಜಪಾನಿ ಭಾಷೆಯಲ್ಲಿ ಶಿಬಾರಿ ಅಂದರೆ ಸುಮ್ನೆ 'ಕಟ್ಟುವುದು' ಅಂತ ಅಷ್ಟೇ. ಬಿಗಿಯಾಗಿ ಕಟ್ಟುವುದಕ್ಕೆ ಕಿನ್ಬಾಕು ಅನ್ನುತ್ತಾರೆ. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಕೈದಿಗಳನ್ನು ಕಟ್ಟುವ ಹೊಜೊಜುತ್ಸು ಎಂಬ ವಿದ್ಯೆ ಇತ್ತು. ಆ ಕಟ್ಟುಗಳಿಂದ ಸ್ಫೂರ್ತಿ ಪಡೆದು ಇದನ್ನು ಚಿತ್ರಕಲೆಗೆ ತಂದವರಲ್ಲಿ ಇತೊ ಸೇಯು (1882–1961) ದೊಡ್ಡ ಹೆಸರು. ಇದನ್ನು ಯಾಕೆ ಹೇಳಿದೆ ಅಂದರೆ, ಆ ಹಳೆಯ ಕಟ್ಟುಗಳು ಓಡಿಹೋಗದ ಹಾಗೆ ಹಿಡಿಯಲು ಇದ್ದವು. ನಮ್ಮದು ಹಾಗಲ್ಲ, ಬೇಕೆಂದ ಕ್ಷಣ ಬಿಚ್ಚಬೇಕು. ಹಳೆಯ ಚಿತ್ರ ನೋಡಿ ಹಾಗೇ ಕಟ್ಟಲು ಹೋಗಬೇಡಿ.

ಕುಮಟೆಯವಳು

ಮೇಲಿನವರು ಕಟ್ಟುವವರ ಕಡೆಯಿಂದ ಬರೆದಿದ್ದಾರೆ. ನಾನು ಕಟ್ಟಿಸಿಕೊಳ್ಳುವವಳು. ನಿಮ್ಮ ಹೆಂಡತಿ ಇದನ್ನು ಓದಲಿ.

ಮೂರು ವರ್ಷದ ಹಿಂದೆ ನನ್ನ ಗಂಡ ಕೈ ಹಿಂದೆ ಮಾಡಿಸಿ ತೋಳಿನ ಮೇಲ್ಭಾಗಕ್ಕೆ ಸುತ್ತು ಹಾಕಿದರು. ಕಾಲು ಗಂಟೆಯೊಳಗೆ ಹೆಬ್ಬೆರಳ ಹಿಂಭಾಗ ಜುಮ್ಮೆಂದಿತು. ಚೆನ್ನಾಗಿ ನಡೆಯುತ್ತಿದೆ, ಕೆಡಿಸುವುದು ಬೇಡ ಅಂತ ಸುಮ್ಮನಿದ್ದೆ. ಬಿಚ್ಚಿದ ಮೇಲೆ ನೋಡಿದರೆ ಮಣಿಕಟ್ಟು ಮೇಲೆ ಏಳುತ್ತಿಲ್ಲ, ಕೈ ಸೋರೆಬಳ್ಳಿಯ ಎಲೆಯ ಹಾಗೆ ಜೋತು ಬಿದ್ದಿತ್ತು. ಡಾಕ್ಟರ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದೆ, ಹೇಳಿದ್ದು ಒಳ್ಳೆಯದೇ ಆಯಿತು. ಮಣಿಕಟ್ಟನ್ನು ಮೇಲೆತ್ತಿಸುವ ರೇಡಿಯಲ್ ನರ ತೋಳಿನ ಹೊರಮಗ್ಗುಲಲ್ಲಿ ಮೂಳೆಗೆ ಒತ್ತಿಕೊಂಡೇ ಹೋಗುತ್ತದೆ, ಹಗ್ಗ ಅಲ್ಲೇ ಕೂತಿತ್ತು. ಕೈ ಪೂರ್ತಿ ಸರಿಯಾಗಲು ಐದು ವಾರ ಹಿಡಿಯಿತು. ರೊಟ್ಟಿ ತಟ್ಟಲಾಗದೆ ಅತ್ತಿದ್ದೇನೆ.

ಕೈ ತಣ್ಣಗಾಗುವುದು, ಬಣ್ಣ ಬದಲಾಗುವುದು ರಕ್ತ ಓಡದ ಲಕ್ಷಣ, ಬಿಚ್ಚಿದರೆ ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ. ನರ ಹಾಗಲ್ಲ. ಬಣ್ಣ ಸರಿಯಿದ್ದರೂ ನರ ಒಳಗೇ ಪೆಟ್ಟು ತಿನ್ನುತ್ತಿರಬಹುದು. ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ, ಮರಗಟ್ಟಿದ ಹಾಗೆ ಅನ್ನಿಸಿದರೆ ಆ ಕ್ಷಣ ಹೇಳಬೇಕು, ಕಟ್ಟಿದವರು ಹಗ್ಗ ಸರಿಸುತ್ತಾ ಕೂರದೆ ಬಿಚ್ಚಬೇಕು. ನಾವು ಈಗ ಎರಡು ಮೂರು ನಿಮಿಷಕ್ಕೊಮ್ಮೆ ನೋಡುತ್ತೇವೆ. ಅವರು ನನ್ನ ಕೈ ಹಿಂಭಾಗಕ್ಕೆ ಅಂಗೈ ಒತ್ತಿ ಹಿಡಿಯುತ್ತಾರೆ, ನಾನು ಮಣಿಕಟ್ಟನ್ನು ಮೇಲಕ್ಕೆ ಎತ್ತಿ ತಳ್ಳುತ್ತೇನೆ, ಬೆರಳು ಅಗಲಿಸುತ್ತೇನೆ. ಶುರುವಿಗೆ ಮೊದಲೂ ಒಮ್ಮೆ ಮಾಡಬೇಕು, ಇಲ್ಲದಿದ್ದರೆ ಶಕ್ತಿ ಕಡಿಮೆಯಾದದ್ದು ಗೊತ್ತಾಗುವುದು ಹೇಗೆ?

ಕುತ್ತಿಗೆಗೆ ಹಗ್ಗ ಎಂದಿಗೂ ಬೇಡ. ಕಂಕುಳು, ಮೊಣಕೈಯ ಒಳಗಡೆ, ಮೊಣಕಾಲಿನ ಹೊರಮಗ್ಗುಲಿನ ಸ್ವಲ್ಪ ಕೆಳಗೆ, ಇಲ್ಲೆಲ್ಲ ನರ ಮೇಲೆಯೇ ಇರುತ್ತದೆ. ಮಣಿಕಟ್ಟಿನಲ್ಲೂ ಪಟ್ಟಿ ಕೈ ಮಡಚುವ ಗೆರೆಯ ಮೇಲೆ ಕೂರದೆ ಸ್ವಲ್ಪ ಮೊಣಕೈ ಕಡೆಗೆ ಇರಲಿ. ಸಕ್ಕರೆ ಕಾಯಿಲೆ, ಹಳೆಯ ಭುಜದ ನೋವು, ಉಬ್ಬಸ ಇದ್ದರೆ ಮೊದಲೇ ಹೇಳಬೇಕು. ಚಾಕು ಮಾತ್ರ ಬೇಡವೇ ಬೇಡ. ಮೆಡಿಕಲ್ ಶಾಪಿನಲ್ಲಿ ಬ್ಯಾಂಡೇಜ್ ಕತ್ತರಿಸುವ ಮೊಂಡು ತುದಿಯ ಕತ್ತರಿ ಸಿಗುತ್ತದೆ. ಅದು ನಿಮ್ಮ ಹಗ್ಗವನ್ನು ಕತ್ತರಿಸುತ್ತದೆಯೇ ಅಂತ ಮೊದಲೇ ನೋಡಿ, ಕೈಗೆಟಕುವಲ್ಲಿ ಇಟ್ಟುಕೊಳ್ಳಿ.

ಅಂಕೋಲೆ ಗಾಳಿ

ಎರಡು ಮೂರು ಮನೆಮಾತು ಸೇರಿಸುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು, ಅಲ್ವಾ? ಕತ್ತರಿ ಪಕ್ಕದಲ್ಲೇ ಟಾರ್ಚ್ ಇರಲಿ. ಯಾರಾದರೂ ಬಾಗಿಲು ಬಡಿದರೆ ಮೊದಲು ಬಿಚ್ಚಿ, ಆಮೇಲೆ ಬಾಗಿಲು. ಕಟ್ಟಿಸಿಕೊಂಡವರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಕುಡಿದಿದ್ದರೆ ಆ ದಿನ ಹಗ್ಗ ಮುಟ್ಟಬೇಡಿ.

ಮಾತಿಗೆ ಬಣ್ಣ ಇಟ್ಟುಕೊಳ್ಳಿ. ಹಸಿರು ಅಂದರೆ ಮುಂದುವರಿ, ಹಳದಿ ಅಂದರೆ ನಿಲ್ಲಿಸಿ ಕೇಳು, ಕೆಂಪು ಅಂದರೆ ಈಗಲೇ ಬಿಚ್ಚು. ಕೆಂಪು ಅಂದಾಗ ಯಾಕೆ ಅಂತ ಕೇಳಬಾರದು. ಹಿಂದಿನ ದಿನ ಒಪ್ಪಿದ್ದು ಇವತ್ತಿಗೆ ಬರುವುದಿಲ್ಲ, ಪ್ರತಿ ಸಲ ಹೊಸದಾಗಿ ಕೇಳಬೇಕು. ಬಿಚ್ಚಿದ ಮೇಲೆ ಹಗ್ಗ ಸುತ್ತಿಡಲು ಓಡಬೇಡಿ. ಹೊದಿಕೆ ಹೊದಿಸಿ, ನೀರು ಕೊಟ್ಟು, ಜೊತೆಗೆ ಕೂತಿರಿ. ಕೆಲವರಿಗೆ ಮರುದಿನ ಮನಸ್ಸು ಕುಗ್ಗುತ್ತದೆ, ಆಗಲೂ ಕೇಳಬೇಕು.

ಕಾಳಿದಂಡೆ

ಎಲ್ಲರಿಗೂ ಮನಸಾರೆ ಧನ್ಯವಾದ. ಹತ್ತಿ ಹಗ್ಗ ಬಂತು, ಕತ್ತರಿಯೂ ಬಂತು. ತೊಲೆ ಮರೆತೆವು. ಹತ್ತು ದಿನ ನನ್ನ ಕಾಲಿನ ಮೇಲೆ ಕಟ್ಟಿ ಬಿಚ್ಚಿ ಕಲಿತೆ. ಕುಮಟೆಯವರು ಬರೆದದ್ದನ್ನು ಅವಳು ಎರಡು ಸಲ ಓದಿ, 'ಮೊದಲು ನಿನ್ನನ್ನು ಕಟ್ಟುತ್ತೇನೆ, ಜುಮ್ಮೆಂದರೆ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂತ ನಿನಗೂ ಗೊತ್ತಾಗಲಿ' ಅಂದಳು. ಕಟ್ಟಿಸಿಕೊಂಡೆ. ನಿಜಕ್ಕೂ ಕಷ್ಟ. ನಿನ್ನೆ ಅವಳ ಸರದಿ, ಒಂದೇ ಮಣಿಕಟ್ಟು, ಎಂಟು ನಿಮಿಷ. ನಡುವೆ ಒಮ್ಮೆ ಹಳದಿ ಅಂದಳು, ಸುತ್ತು ಹತ್ತಿಕೊಂಡಿತ್ತು, ಬಿಚ್ಚಿ ಮತ್ತೆ ಕಟ್ಟಿದೆ. ಬಿಚ್ಚಲು 11 ಸೆಕೆಂಡ್ ಬೇಕಾಯಿತು.