ಗೇಮ್‌ನ ಡಿಲಕ್ಸ್ ತಗೊಳ್ಳೋದಾ ಬೇಸ್ ಸಾಕಾ? ಮುಂದೆ ಬರೋ ಕಂಟೆಂಟ್ ನಂಬಿ ದುಡ್ಡು ಹಾಕಿದವ್ರು ಅನುಭವ ಹೇಳಿ

ದಾವಣಗೆರೆ ಹುಡುಗ:
ಎಲ್ರಿಗೂ ನಮಸ್ಕಾರ. ನಾನೂ ತಮ್ಮನೂ ಸೇರಿ ಆಡೋಣ ಅಂತ ಒಂದು ಕೋ-ಆಪ್ ಗೇಮ್ ನೋಡ್ಕೊಂಡಿದೀವಿ. ಬೇಸ್ 2,499, ಡಿಲಕ್ಸ್ 4,299. ಡಿಲಕ್ಸ್‌ನಲ್ಲಿ ಒಂದು ವರ್ಷದ ಸೀಸನ್ ಪಾಸ್ (ಮುಂದೆ ಬರೋ ಕಂಟೆಂಟ್‌ಗೆ ಈಗ್ಲೇ ದುಡ್ಡು) ಇದೆ, ಮೂರು ಮ್ಯಾಪು, ಎರಡು ಹೊಸ ಕ್ಯಾರೆಕ್ಟರು, ಒಂದು ಸ್ಟೋರಿ ಚಾಪ್ಟರು ಬರುತ್ತೆ ಅಂತ ರೋಡ್‌ಮ್ಯಾಪ್ ಹಾಕಿದಾರೆ, ಸದ್ಯಕ್ಕೆ ಒಂದೂ ಬಂದಿಲ್ಲ. ಸಂಬಳ 19 ಸಾವಿರ, ಲ್ಯಾಪ್‌ಟಾಪ್‌ನಲ್ಲಿ 1650 ಗ್ರಾಫಿಕ್ಸ್ ಕಾರ್ಡ್. 1,800 ಈಗ್ಲೇ ಜಾಸ್ತಿ ಕೊಡ್ಬಹುದಾ? ಆಫರ್ ಭಾನುವಾರ ಮುಗಿಯುತ್ತೆ.

ಹುಬ್ಬಳ್ಳಿ ನೈಟ್‌ಶಿಫ್ಟ್:
ತಮ್ಮಾ, ಮೊದ್ಲ ನಂದು ಕೇಳು. 2022ರಾಗ ಒಂದು ಊರು ಕಟ್ಟೋ ಗೇಮ್ ಅರ್ಲಿ ಆಕ್ಸೆಸ್‌ನ್ಯಾಗ, ಅಂದ್ರ ಪೂರ್ತಿ ಆಗೋಕಿಂತ ಮೊದ್ಲ ಮಾರಾಟಕ್ಕ ಬಂತು, ಹೆಸರು ಬ್ಯಾಡ. ರೈಲು ಬರ್ತೈತಿ, ಬಂದರು ಬರ್ತೈತಿ, ಇಬ್ರು ಕೂಡಿ ಆಡೋದು ಬರ್ತೈತಿ ಅಂತ ದೊಡ್ಡ ರೋಡ್‌ಮ್ಯಾಪ್. ನಮ್ಮಪ್ಪ ರೈಲ್ವೇದಾಗ ಇದ್ದಾಂವ, ನಾ ತಗೊಂಡಿದ್ದ ಆ ರೈಲಿನ ಸಲುವಾಗಿ. ಗೇಮಿಗೆ 2,199. 8 ಜಿಬಿ ಸಾಲಲಿಲ್ಲ, ಇನ್ನೊಂದು 8 ಜಿಬಿ ರ‍್ಯಾಮ್ ಹಾಕ್ಸಿದೆ 2,350. 62 ಜಿಬಿ ಡೌನ್‌ಲೋಡ್ ಮಾಡಾಕ ಡಾಟಾ ಪ್ಯಾಕ್ 300. ಕಾರ್ಡಿನ ಇಎಂಐ ಫೀ 199, ಅದರ ಮ್ಯಾಲ ಜಿಎಸ್‌ಟಿ 35 ರೂಪಾಯಿ 82 ಪೈಸಾ. ಒಟ್ಟು 5,083 ರೂಪಾಯಿ 82 ಪೈಸಾ, ಡೈರಿಯಾಗ ಬರದ ಇಟ್ಟೀನಿ.
ನಕಾಶೆದ ಉತ್ತರ ತುದಿಗೆ ಸ್ಟೇಷನ್ ಜಾಗಾ ಅಂತ ಬೂದು ಬಣ್ಣದ ಒಂದು ಚೌಕ ಐತಿ. ಒತ್ತಿದ್ರ ಕಮಿಂಗ್ ಸೂನ್ ಅಂತ ತೋರಸ್ತೈತಿ. ನಾ ಅದರ ಮುಂದ ಅಗಲ ರಸ್ತೆ ಬಿಟ್ಟೆ, ಎರಡೂ ಕಡೆ ಲಾಡ್ಜ್ ಕಟ್ಟಿದೆ, ಮಾರ್ಕೆಟ್ ಹಚ್ಚಿದೆ, ಗೂಡ್ಸ್ ಇಳಸಾಕ ಗೋಡೌನ್ ಸುದ್ದಾ ಕಟ್ಟಿದೆ. 14 ತಿಂಗಳು ಪ್ಯಾಚ್ ಬಂದು, ಆಮ್ಯಾಲ ಸುದ್ದಿನ ಇಲ್ಲ. ರೈಲು ಬರ್ಲೇ ಇಲ್ಲ. ಒಂದು ರೂಪಾಯಿನೂ ಮುಂಗಡ ಕೊಡಬ್ಯಾಡ.

ಪಿಎಸ್4 ಹಳಬ:
ಗುರು, ಒಂದು ಗೇಮ್ ಕೈ ಕೊಡ್ತು ಅಂತ ಎಲ್ರನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ. ನಾನು ನೋ ಮ್ಯಾನ್ಸ್ ಸ್ಕೈ ಅನ್ನೋ ಬಾಹ್ಯಾಕಾಶದ ಗೇಮ್ ಡಿಸ್ಕ್‌ನ 2016 ಆಗಸ್ಟ್‌ನಲ್ಲಿ ಬಂದ ವಾರಾನೇ ಪೂರ್ತಿ ರೇಟ್ ಕೊಟ್ಟು ತಗೊಂಡೋನು. ಇಬ್ರು ಒಂದೇ ಜಾಗಕ್ಕೆ ಹೋಗಿ ನಿಂತ್ರೂ ಒಬ್ರಿಗೊಬ್ರು ಕಾಣ್ಲಿಲ್ಲ ಅಂತ ಆಗ ಜಗತ್ತೆಲ್ಲಾ ಬೈದಿದ್ದು ಗೊತ್ತಲ್ಲ. ನನ್ನ ರೂಮ್‌ಮೇಟ್ ಅವನ ಡಿಸ್ಕ್‌ನ 1,100ಕ್ಕೆ ಮಾರಿ ಬಂದ, ನನಗೂ ಮಾರು ಮಾರು ಅಂತ ಪ್ರಾಣ ತಿಂದ. ನಾನು ಮಾರ್ಲಿಲ್ಲ. ನವೆಂಬರ್‌ನಲ್ಲಿ ಫೌಂಡೇಶನ್ ಅನ್ನೋ ಅಪ್‌ಡೇಟ್ ಬಂತು, ಬೇಸ್ ಕಟ್ಟೋಕಾಯ್ತು. 2018 ಜುಲೈನಲ್ಲಿ ನೆಕ್ಸ್ಟ್, ನಿಜವಾದ ಮಲ್ಟಿಪ್ಲೇಯರ್. 2019ರಲ್ಲಿ ಬಿಯಾಂಡ್, ತಲೆಗೆ ಹಾಕ್ಕೊಂಡು ಆಡೋ ವಿಆರ್. ಇಷ್ಟಕ್ಕೂ ಒಂದ್ ಪೈಸೆ ಕೇಳ್ಲಿಲ್ಲ. ತಾಳ್ಮೆ ಇದ್ರೆ ದುಡ್ಡು ದುಡಿಯುತ್ತೆ.

ಮಂಗ್ಳೂರು ಮಳೆ:
ನಾನು ಬಾಲ್ಡರ್ಸ್ ಗೇಟ್ 3 ಅನ್ನುವ ಕಥೆಯ ಗೇಮ್ ತಗೊಂಡದ್ದು 2020 ಅಕ್ಟೋಬರಿನಲ್ಲಿ, ಅರ್ಲಿ ಆಕ್ಸೆಸ್ ಬಂದ ವಾರ, 2,999 ಕೊಟ್ಟು. ಆಗ ಇದ್ದದ್ದು ಕಥೆಯ ಮೊದಲ ಭಾಗ, ಮೊದಲ ಆಕ್ಟ್ ಮಾತ್ರ, ಲೆವೆಲ್ ನಾಲ್ಕಕ್ಕೆ ನಿಲ್ತಿತ್ತು. ಮನೆಯಲ್ಲಿ ಅಮ್ಮ ಅರ್ಧ ಬೆಂದ ಅನ್ನಕ್ಕೆ ಪೂರ್ತಿ ದುಡ್ಡು ಕೊಟ್ಟಿಯಾ ಅಂತ ಕೇಳಿದ್ರು. ಆದ್ರೆ ಆ ಒಂದೇ ಆಕ್ಟನ್ನು ನಾನು ಆರು ಸಲ ಆಡಿದ್ದೇನೆ ಮಾರಾಯ್ರೆ. 2023 ಆಗಸ್ಟಿಗೆ ಪೂರ್ತಿ ಬಂತು, ಹಳೇ ಸೇವ್ (ಆಡಿ ಉಳಿಸಿಟ್ಟದ್ದು) ಯಾವುದೂ ನಡೀಲಿಲ್ಲ, ಅದೊಂದು ಬೇಜಾರು ಉಂಟು. ನಾನು ಅವತ್ತು ಇದ್ದದ್ದಕ್ಕೇ ಕೊಟ್ಟದ್ದು, ಉಳಿದದ್ದು ಬರದಿದ್ರೂ ನನಗೆ ನಷ್ಟ ಇರ್ಲಿಲ್ಲ.

ಮೈಸೂರು ಲೆಕ್ಕಿಗ:
ಮೂರೂ ಜನ ಬೇರೆ ಬೇರೆ ವಿಷ್ಯ ಮಾತಾಡ್ತಿದೀರ. ಫ್ರೀ ಅಪ್‌ಡೇಟ್ ಬೇರೆ, ಅರ್ಲಿ ಆಕ್ಸೆಸ್ ಬೇರೆ, ಸೀಸನ್ ಪಾಸ್ ಬೇರೆ. ಹಳಬರೇ, 2018ರಲ್ಲಿ ಸೇಲ್‌ನಲ್ಲಿ ತಗೊಂಡೋರಿಗೂ ನಿಮಗೆ ಸಿಕ್ಕಿದ್ದಷ್ಟೂ ಸಿಕ್ತು, ಅದೂ ಕಮ್ಮಿ ದುಡ್ಡಿಗೆ. ಹಾಗಾದ್ರೆ ನೀವು ಮೊದಲ ದಿನ ಕೊಟ್ಟಿದ್ದರಲ್ಲಿ ಆ ಭರವಸೆಗೆ ಬೆಲೆ ಎಲ್ಲಿತ್ತು?
ನಾನು ಒಂದು ಶೂಟರ್ ಗೇಮ್‌ಗೆ ಪಾಸ್ ತಗೊಂಡಿದ್ದೆ, 2,900. ನಾಲ್ಕು ಪ್ಯಾಕ್ ಅಂದ್ರು. ಮೊದಲನೇದರಲ್ಲಿ ಒಂದು ಮ್ಯಾಪು, ಎರಡನೇದರಲ್ಲಿ ಬಂದೂಕಿನ ಮೂರು ಬಣ್ಣ, ಒಂದು ಟೋಪಿ. ಮೂರನೇದು ಐದು ತಿಂಗಳು ಲೇಟು, ಅಷ್ಟೊತ್ತಿಗೆ ನನ್ ಗ್ಯಾಂಗ್‌ನಲ್ಲಿ ಆಡೋರೇ ಇರ್ಲಿಲ್ಲ, ಒಂದ್ ಮ್ಯಾಚ್ ಸಿಗೋಕೆ 11 ನಿಮಿಷ ಕಾಯ್ಬೇಕು. ನಾಲ್ಕನೇದು ಬರ್ಲಿಲ್ಲ. ಕೋ-ಆಪ್‌ಗೆ ಕಂಟೆಂಟ್ ಬಂದ್ರೆ ಸಾಲಲ್ಲ, ಜನ ಇರೋವಾಗ ಬರ್ಬೇಕು. ಆಂಥಮ್ ಅನ್ನೋ ಆನ್‌ಲೈನ್ ಗೇಮ್ ನೋಡಿ, 2019ರಲ್ಲಿ ಬಂತು, ಪೂರ್ತಿ ರಿಪೇರಿ ಮಾಡ್ತೀವಿ ಅಂದ್ರು, 2021 ಫೆಬ್ರವರಿಯಲ್ಲಿ ಕೈ ಬಿಟ್ರು.
2024 ನವೆಂಬರ್‌ನಲ್ಲಿ ಪಿಸಿ ಗೇಮ್ ಮಾರೋ ಸ್ಟೀಮ್ ಅಂಗಡಿ ಸೀಸನ್ ಪಾಸ್‌ಗೆ ನಿಯಮ ತಂದಿದೆ, ಪ್ರತಿ ಡಿಎಲ್‌ಸಿ (ಆಮೇಲೆ ಸೇರಿಸೋ ಕಂಟೆಂಟ್) ಯಾವಾಗ ಬರುತ್ತೆ ಅಂತ ಮೊದ್ಲೇ ಹೇಳ್ಬೇಕು, ರದ್ದಾದ್ರೆ ರಿಫಂಡ್ ಕೊಡ್ಬೇಕು. ತಾರೀಕು ಇಲ್ದಿರೋ ಪಾಸ್ ಮುಟ್ಬೇಡಿ.

ಪಿಎಸ್4 ಹಳಬ:
ಬೆಲೆ ಎಲ್ಲಿತ್ತು ಅಂತೀರಾ? ಮೊದಲ ವಾರ ನಮ್ಮಂಥೋರು ದುಡ್ಡು ಕೊಟ್ಟಿದ್ದಕ್ಕೇ ಅವ್ರು ಎರಡು ವರ್ಷ ಕೂತು ಕೆಲಸ ಮಾಡೋಕಾಗಿದ್ದು. ನೀವು ಸೇಲ್‌ಗೆ ಕಾಯ್ಕೊಂಡು ನಮ್ಮ ದುಡ್ಡಲ್ಲಿ ಬೆಳೆದ ಗೇಮ್ ಆಡಿ, ನಮಗೇ ಲೆಕ್ಕ ಹೇಳ್ಬೇಡಿ.

ಮೈಸೂರು ಲೆಕ್ಕಿಗ:
ಅದು ಚಂದಾ ಆಯ್ತು, ಖರೀದಿ ಅಲ್ಲ. 19 ಸಾವಿರ ಸಂಬಳದ ಹುಡುಗನ ಹತ್ರ ಚಂದಾ ಎತ್ತಿಸ್ತೀರಾ?

ಎಸ್‌ಪಿ ರೋಡ್ ರೆಗ್ಯುಲರ್:
ಇಷ್ಟೆಲ್ಲಾ ಯಾಕ್ರಪ್ಪಾ, ನಾನು ಒಬ್ಬನ ಹತ್ರ 350ಕ್ಕೆ ಶೇರಿಂಗ್ ಅಕೌಂಟ್ (ಒಂದೇ ಲಾಗಿನ್ ಹಲವರಿಗೆ) ತಗೋತೀನಿ, ಡಿಲಕ್ಸೇ ಸಿಗುತ್ತೆ.

ಹುಬ್ಬಳ್ಳಿ ನೈಟ್‌ಶಿಫ್ಟ್:
ಅದು ಕಳ್ಳ ಮಾಲು. ನಾವು ರೊಕ್ಕ ಕೊಟ್ಟು ಮೋಸ ಹೋದವ್ರು ಖರೆ, ಆದ್ರ ಕಳವು ಮಾಡಿಲ್ಲ. ಸಣ್ಣ ಹುಡುಗರು ಓದೋ ಜಾಗಾದಾಗ ಇಂಥಾದ್ದು ಬರೀಬ್ಯಾಡ್ರಿ.

ಎಸ್‌ಪಿ ರೋಡ್ ರೆಗ್ಯುಲರ್:
ನಿಮ್ ದುಡ್ಡು ಹೋದ ಸಿಟ್ಟು ನನ್ ಮೇಲೆ ಯಾಕೆ ತೀರಿಸ್ತೀರಾ. ಅಷ್ಟಕ್ಕೂ 8 ಜಿಬಿ ರ‍್ಯಾಮ್‌ಗೆ 2,350 ಕೊಟ್ಟಿದೀರಲ್ಲ, ಅಲ್ಲೇ 500 ಕಳ್ಕೊಂಡಿದೀರ.

ಮಂಗ್ಳೂರು ಮಳೆ:
ಅಂಗಡಿಯಿಂದ ಅಂಗಡಿಗೆ ರೇಟ್ ಬೇರೆ ಇರ್ತದೆ, ಬಿಲ್ಲು, ವಾರಂಟಿ ಸೇರಿದ್ರೆ ಆಗ 2,350 ಸರಿಯೇ ಇತ್ತು. ಗೊತ್ತಿಲ್ಲದೆ ಹೇಳುದು ಬೇಡ.

ದಾವಣಗೆರೆ ಹುಡುಗ:
ಅಣ್ಣಂದಿರೇ, ಮೂರು ಮ್ಯಾಪ್‌ಗೂ ತಿಂಗಳು ಹಾಕಿದಾರೆ, ಸ್ಟೋರಿ ಚಾಪ್ಟರ್‌ಗೆ ಮಾತ್ರ ಹಾಕಿಲ್ಲ. 1650ರಲ್ಲಿ ಓಡುತ್ತಾ ಅಂತ ಯಾರಾದ್ರೂ ಹೇಳ್ತೀರಾ?

ಮೈಸೂರು ಲೆಕ್ಕಿಗ:
ಚಾಪ್ಟರ್‌ಗೆ ತಿಂಗಳಿಲ್ಲ ಅಂದ್ರೆ ಅದನ್ನ ಲೆಕ್ಕದಿಂದ ತೆಗೀರಿ. ಉಳಿದಿದ್ದಕ್ಕೆ 1,800 ಕೊಡ್ತೀರಾ ನೋಡಿ. ಬೇಸ್ ತಗೊಳ್ಳಿ, ಪಾಸ್ ಎಲ್ಲೂ ಓಡಿಹೋಗಲ್ಲ. ಹುಬ್ಬಳ್ಳಿಯವರೇ, ನೀವೂ ಆ ಗೇಮ್ ಅಳಿಸಿ ಹಾಕಿ, 62 ಜಿಬಿ ಸುಮ್ನೆ ಯಾಕೆ.

ಹುಬ್ಬಳ್ಳಿ ನೈಟ್‌ಶಿಫ್ಟ್:
ಅಳಸೂದಿಲ್ಲ ರೀ. ನಮ್ಮಪ್ಪ ಕುರ್ಚಿ ಜಗ್ಗಿ ಬಾಜೂಕ ಕುಂತು, ಪ್ಲಾಟ್‌ಫಾರ್ಮ್ ಇಲ್ಲಿ ಬರ್ಲಿ, ಗೂಡ್ಸ್ ಲೈನ್ ಆಚೆ ಕಡೆ ಇರ್ಲಿ ಅಂತ ಸ್ಕ್ರೀನ್ ಮ್ಯಾಲ ಬೆರಳಿಟ್ಟು ತೋರ್ಸಿದ ಊರು ಅದು. ಆ ಚೌಕದ ಮ್ಯಾಲ ಇವತ್ತಿಗೂ ನಾ ಏನೂ ಕಟ್ಟಿಲ್ಲ.