ಮೊದಲ ಟ್ರಾಕ್ಟರ್: ಮಿನಿಯೋ, 50 ಎಚ್‌ಪಿಯೋ?

ಪ್ರಶ್ನೆ (ರಾಣೆಬೆನ್ನೂರು ಕಡೆಯಿಂದ):
ನಮಸ್ಕಾರ ಸರ್. ನಮ್ಮದು ಒಂಬತ್ತು ಎಕರೆ ಎರೆ ಹೊಲ. ಗೋವಿನಜೋಳ, ಹತ್ತಿ ಬೆಳೆಯುತ್ತೇವೆ. ಇಲ್ಲಿವರೆಗೆ ಎತ್ತು, ಬಾಡಿಗೆ ಟ್ರಾಕ್ಟರ್ ಎರಡರಲ್ಲೇ ನಡೆಸಿದ್ದೇವೆ. ಈ ವರ್ಷ ಸ್ವಂತದ್ದು ತರಬೇಕೆಂದಿದ್ದೇವೆ. ಶೋರೂಮಿನವರು 50 ಎಚ್‌ಪಿ ತಗೊಳ್ಳಿ ಅನ್ನುತ್ತಾರೆ. ಮಾವ ಮಿನಿ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ಕೃಷಿ ಯಂತ್ರಗಳ ತಂತ್ರಜ್ಞ):
ಇಬ್ಬರದೂ ಸದ್ಯಕ್ಕೆ ಬೇಡ. ಟ್ರಾಕ್ಟರ್ ಹಿಂದೆ ಏನೇನು ಕಟ್ಟುತ್ತೀರಿ ಅಂತ ಮೊದಲು ಬರೆದುಕೊಳ್ಳಿ. ಎಚ್‌ಪಿ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಐದು ಅಡಿ ರೋಟವೇಟರ್‌ಗೆ (ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಯಂತ್ರ) 35ರಿಂದ 40 ಎಚ್‌ಪಿ ಸಾಕು. ಆರು ಅಡಿಯದಕ್ಕೆ 45ರಿಂದ 50 ಬೇಕು. ಒಂಬತ್ತು ಹಲ್ಲಿನ ಕಲ್ಟಿವೇಟರ್ 40ರ ಗಾಡಿಗೆ ಸಲೀಸು. ಆದರೆ ಎರೆ ಹೊಲದಲ್ಲಿ ಆಳದ ಉಳುಮೆಗೆ ಎರಡು ಬಾಯಿಯ ಪಲ್ಟಿ ನೇಗಿಲು (ಮಣ್ಣು ಮಗುಚಿ ಹಾಕುವ ನೇಗಿಲು) ಹೊಡೆಯಬೇಕು ಅಂದರೆ 50ಕ್ಕೆ ಕಡಿಮೆ ಇದ್ದರೆ ಒದ್ದಾಟವೇ. ಅದೇ ನೇಗಿಲು ಮಸಾರಿ ಹೊಲದಲ್ಲಿ ಇಷ್ಟು ತ್ರಾಸು ಕೊಡಲ್ಲ.

ಈಗ ನಿಮ್ಮನ್ನೇ ಕೇಳುತ್ತೇನೆ: ಆಳದ ಉಳುಮೆ ಪ್ರತಿ ವರ್ಷ ಮಾಡುತ್ತೀರಾ? ಎಷ್ಟೋ ಜನ ಎರಡು ಮೂರು ವರ್ಷಕ್ಕೊಮ್ಮೆ ಮಾಡುತ್ತಾರೆ. ಆ ಒಂದು ಕೆಲಸಕ್ಕಾಗಿ ಐದಾರು ವರ್ಷ ದೊಡ್ಡ ಕಂತು ಕಟ್ಟುವುದು ನನಗೆ ಸರಿ ಕಾಣಲ್ಲ. ಅದನ್ನು ಬಾಡಿಗೆ ಟ್ರಾಕ್ಟರ್‌ನಿಂದ ಮಾಡಿಸಿ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ವಿಚಾರಿಸಿ. ನಿಮಗೆ ನನ್ನ ಸಲಹೆ 39ರಿಂದ 42 ಎಚ್‌ಪಿ ಒಳಗಿನ ಗಾಡಿ, ಐದು ಅಡಿ ರೋಟವೇಟರ್.

ಕರಪತ್ರ ಓದುವಾಗ ಒಂದು ವಿಷಯ ನೋಡಿ. ದೊಡ್ಡಕ್ಷರದಲ್ಲಿ ಇರುವುದು ಎಂಜಿನ್ ಎಚ್‌ಪಿ. ರೋಟವೇಟರ್ ತಿರುಗಿಸುವುದು ಪಿಟಿಒ ಎಚ್‌ಪಿ, ಅಂದರೆ ಗಾಡಿಯ ಹಿಂದಿನ ತಿರುಗುವ ದಂಡದಲ್ಲಿ ಸಿಗುವ ಶಕ್ತಿ. ಎಂಜಿನ್ 42 ಇದ್ದರೆ ಪಿಟಿಒದಲ್ಲಿ ಸಿಗುವುದು ಸುಮಾರು 36. ಮಧ್ಯಪ್ರದೇಶದ ಬುಧನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಅದರ ವರದಿಯಲ್ಲಿ ಪಿಟಿಒ ಶಕ್ತಿ, ಹಿಂದಿನ ಉಪಕರಣ ಎತ್ತುವ ಲಿಫ್ಟ್ ಹೊರುವ ತೂಕ ಎಲ್ಲ ಅಳೆದು ಬರೆದಿರುತ್ತಾರೆ. ಡೀಲರ್ ಹತ್ತಿರ ಆ ವರದಿ ಕೇಳಿ.

ಅಂದಹಾಗೆ, ಶೋರೂಮಿನಲ್ಲಿ 49, 49.5 ಎಚ್‌ಪಿ ಗಾಡಿಗಳೇ ಯಾಕೆ ಇಷ್ಟು ಅಂತ ಅನಿಸಿರಬಹುದು. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂತು. ಅವುಗಳ ಎಂಜಿನ್‌ಗೆ ಖರ್ಚು ಜಾಸ್ತಿ. ಹಾಗಾಗಿ ಆ ಗೆರೆಯ ಕೆಳಗೇ ನಿಲ್ಲಿಸುತ್ತಾರೆ.

ಮತ್ತೆ ಅದೇ ರೈತ:
ಅಕ್ಕಪಕ್ಕದವರ ಹೊಲಕ್ಕೆ ಬಾಡಿಗೆ ಹೊಡೆದು ಕಂತು ಕಟ್ಟಬಹುದು, ಅದಕ್ಕೇ ದೊಡ್ಡದು ತಗೊಳ್ಳಿ ಅಂತ ಶೋರೂಮಿನವರು ಹೇಳಿದರು.

ಉತ್ತರ:
ಅದನ್ನು ಎಲ್ಲರಿಗೂ ಹೇಳುತ್ತಾರೆ. ನಿಮ್ಮೂರಲ್ಲಿ ಈಗಾಗಲೇ ಎಷ್ಟು ಟ್ರಾಕ್ಟರ್ ಇವೆ, ಎಣಿಸಿ ನೋಡಿ. ಮಳೆ ಬಿದ್ದ ವಾರ ಎಲ್ಲರಿಗೂ ಒಟ್ಟಿಗೇ ಬೇಕು, ನಿಮ್ಮ ಹೊಲಕ್ಕೂ ಅದೇ ವಾರ. ಐದು ಅಡಿ ರೋಟವೇಟರ್ ಎಕರೆಗೆ ಗಂಟೆ, ಗಂಟೆ ಕಾಲು ತಗೊಳ್ಳುತ್ತದೆ. ಒಂಬತ್ತು ಎಕರೆಗೆ ಎರಡು ಸಲ ಹೊಡೆದರೂ ಇಪ್ಪತ್ತು ಗಂಟೆ ಚಿಲ್ಲರೆ. ಅಷ್ಟು ಕೆಲಸಕ್ಕೆ 50 ಎಚ್‌ಪಿ ತಂದರೆ ಉಳಿದ ದಿನ ಅದು ಸುಮ್ನೆ ನಿಂತಿರುತ್ತದೆ, ಕಂತು ಮಾತ್ರ ನಿಲ್ಲಲ್ಲ. ಬಾಡಿಗೆ ಖಾತ್ರಿ ಅಂತ ನಾಲ್ಕು ಜನ ಈಗಲೇ ಮಾತು ಕೊಟ್ಟಿದ್ದರೆ ಆಗ ಬೇರೆ ಲೆಕ್ಕ.

ಪ್ರಶ್ನೆ (ಚನ್ನಗಿರಿಯಿಂದ):
ಅಣ್ಣಾ, ನಮ್ಮದು ಮೂರು ಎಕರೆ ಅಡಿಕೆ ತೋಟ, ಒಂಬತ್ತು ಅಡಿ ಅಂತರ. ಮಿನಿ ಟ್ರಾಕ್ಟರ್ ಆಗುತ್ತಾ?

ಉತ್ತರ:
ಆಗುತ್ತೆ ಅಕ್ಕಾ, ತೋಟಕ್ಕೆ ಅದೇ ಸರಿ. ದೊಡ್ಡ ಗಾಡಿ ಆರಡಿ ಹತ್ತಿರ ಅಗಲ ಇರುತ್ತದೆ. ಸಾಲಲ್ಲಿ ಹೋದರೂ ಕೊನೆಯಲ್ಲಿ ತಿರುಗಿಸುವಾಗ ಮರಕ್ಕೆ ಉಜ್ಜುತ್ತದೆ. 18ರಿಂದ 25 ಎಚ್‌ಪಿಯ ಮಿನಿ ಮೂರು ನಾಲ್ಕು ಅಡಿ ಅಷ್ಟೇ. ಅಗಲ, ತಿರುಗುವ ಜಾಗ ಎರಡನ್ನೂ ಟೇಪ್ ಹಿಡಿದು ಅಳೆದುಕೊಂಡು ಹೋಗಿ. ಆದರೆ ಬುಡದ ಹತ್ತಿರ ರೋಟವೇಟರ್ ಹೊಡೆಯಬೇಡಿ. ಅಡಿಕೆಯ ಬೇರು ಮೇಲೇ ಹರಡಿರುತ್ತದೆ, ಕತ್ತರಿಸಿ ಹೋಗುತ್ತದೆ. ಗೊಬ್ಬರ ಸಾಗಿಸಲು, ಔಷಧಿ ಸಿಂಪಡಿಸಲು, ಗೊನೆ ತರಲು ಬಳಸಿ. ಟ್ರೇಲರ್‌ಗೆ ಜಾಸ್ತಿ ಹೇರಬೇಡಿ. ಮಿನಿಯ ತೂಕ ಒಂದು ಟನ್ನಿನ ಆಸುಪಾಸು. ಇಳಿಜಾರಲ್ಲಿ ಹಿಂದಿನ ಲೋಡ್ ಅದನ್ನೇ ದೂಕಿಕೊಂಡು ಹೋಗುತ್ತದೆ.

ಪ್ರಶ್ನೆ (ಗಂಗಾವತಿಯಿಂದ):
ಭತ್ತದ ಗದ್ದೆಗೆ ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಗಾಡಿ) ಬೇಕೇ ಬೇಕಾ?

ಉತ್ತರ:
ಕೆಸರು ಹೊಡೆಯುವುದೇ ಮುಖ್ಯ ಕೆಲಸವಾದರೆ ಹೌದು, ಆ ಹೆಚ್ಚಿನ ಹಣ ದಂಡ ಅಲ್ಲ. ಒಣ ಬೇಸಾಯಕ್ಕೆ ಬೇಡ.

ರಾಣೆಬೆನ್ನೂರಿನ ರೈತ:
ಕೊನೆಯದಾಗಿ ಸರ್, ತಗೊಳ್ಳುವ ಮುಂಚೆ ಏನು ನೋಡಬೇಕು?

ಉತ್ತರ:
ನಿಮ್ಮ ಹೊಲದಲ್ಲೇ, ರೋಟವೇಟರ್ ಕಟ್ಟಿಸಿ, ಒಂದು ಗಂಟೆ ಓಡಿಸಿ ತೋರಿಸಲು ಹೇಳಿ. ರಸ್ತೆ ಮೇಲೆ ಎಲ್ಲ ಗಾಡಿಯೂ ಚೆನ್ನಾಗೇ ಓಡುತ್ತದೆ. ಹೊಲದಲ್ಲಿ ಎಂಜಿನ್ ದನಿ ಕುಗ್ಗುತ್ತದಾ, ಕಪ್ಪು ಹೊಗೆ ಬರುತ್ತದಾ, ಲಿಫ್ಟ್ ಎತ್ತಿದಾಗ ಮುಂದಿನ ಗಾಲಿ ಹಗುರಾಗುತ್ತದಾ ನೋಡಿ. ಹತ್ತಿ ಸಾಲಲ್ಲಿ ಎಡೆ ಹೊಡೆಯುವ ಆಸೆ ಇದ್ದರೆ ಗಾಲಿಗಳ ಅಂತರ ನಿಮ್ಮ ಸಾಲಿಗೆ ಹೊಂದಿಸಲು ಬರುತ್ತದಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಕೊಟೇಶನ್‌ನಲ್ಲಿ ಅದನ್ನು ಬಿಡಿಸಿ ಬರೆಸಿಕೊಳ್ಳಿ. ಅನುದಾನದ ಬಗ್ಗೆ ಮುಂಗಡ ಕೊಡುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.